ಅಪ್‌ಡೇಟ್: ಎಮ್ಮಾ ನಿಜಕ್ಕೂ ಕತ್ತಲಿಗೆ ಸೋತಳೇ?

ಮೊದಲು ಕೇಳಿದ್ದು ನೆನಪಿಲ್ಲದವರಿಗಾಗಿ: 'ಒನ್ಸ್ ಅಪಾನ್ ಎ ಟೈಮ್' ಎಂಬ ಟಿವಿ ಸರಣಿಯ ನಾಲ್ಕನೇ ಸೀಸನ್ನಿನ ಕೊನೆಯಲ್ಲಿ, ಹಿಂದೆ ದುಷ್ಟ ರಾಣಿಯಾಗಿದ್ದ ರೆಜಿನಾಳನ್ನು ಉಳಿಸಲು ನಾಯಕಿ ಎಮ್ಮಾ ಕತ್ತಲನ್ನು, ಅಂದರೆ ಕರಾಳ ಮಾಂತ್ರಿಕ ಶಕ್ತಿಯನ್ನು, ತನ್ನೊಳಗೆ ಎಳೆದುಕೊಂಡು ಆ ಶಕ್ತಿಯನ್ನು ಹೊತ್ತ 'ಡಾರ್ಕ್ ಒನ್' ಆಗುತ್ತಾಳೆ, ಡಾರ್ಕ್ ಒನ್ ಅನ್ನು ನಿಯಂತ್ರಿಸುವ ಕಠಾರಿಯ ಮೇಲೆ ಅವಳ ಹೆಸರು ಮೂಡುತ್ತದೆ. ಆಮೇಲೆ ಬಿಳಿಗೂದಲು, ಕಪ್ಪು ಉಡುಪು, ತಣ್ಣನೆಯ ದನಿ. ಒಳಗಿದ್ದ ಹಳೇ ಎಮ್ಮಾ ಪೂರ್ತಿ ಹೋದಳೇ ಎಂದು ಕೇಳಿದ್ದೆ. ಅಧಿಕಾರದ ರುಚಿ ಹತ್ತಿ, ಎಲ್ಲರನ್ನೂ ಕ್ಯಾಮೆಲಾಟ್‌ನಿಂದ ಊರಿಗೆ ಮರಳಿ ತಂದ ಶಾಪವನ್ನೂ ಅವಳೇ ಹಾಕಿರಬೇಕು ಎಂಬುದು ನನ್ನ ಊಹೆಯಾಗಿತ್ತು.

ಐದನೇ ಸೀಸನ್ನಿನ ಮೊದಲರ್ಧ ನೋಡಿ ಮುಗಿಸಿದೆ. ಊಹೆ ತಪ್ಪು. ಎಕ್ಸ್‌ಕ್ಯಾಲಿಬರ್ ಎಂಬ ಮಾಂತ್ರಿಕ ಖಡ್ಗ ಮಾಡಿದ ಗಾಯದಿಂದ ಅವಳ ಪ್ರಿಯಕರ ಹುಕ್ ಸಾಯುತ್ತಿದ್ದಾಗ, ಅವನನ್ನು ಕಳೆದುಕೊಳ್ಳಲಾರದೆ ಎಮ್ಮಾ ಅವನ ಜೀವವನ್ನು ಆ ಖಡ್ಗಕ್ಕೇ ಬಿಗಿಯುತ್ತಾಳೆ. ಅವನೂ ಡಾರ್ಕ್ ಒನ್ ಆಗುತ್ತಾನೆ. ಶಾಪ ಹಾಕಿದ್ದು ಅವನು, ಮಾಂತ್ರಿಕ ಮರ್ಲಿನ್‌ನ ಹೃದಯವನ್ನು ಬಲಿಕೊಟ್ಟು. ಎಮ್ಮಾ ಮಾಡಿದ್ದು ಎಲ್ಲರ ನೆನಪು ಅಳಿಸುವುದು, ಹುಕ್‌ನದ್ದೂ ಸೇರಿ. ಅವನು ಏನಾಗಿದ್ದಾನೆಂದು ಅವನಿಗೇ ತಿಳಿಯದಿರಲಿ ಅಂತ!

ಆ ದೃಶ್ಯ ನೋಡಿ ಕಣ್ಣು ತುಂಬಿಬಂತು. ಹುಕ್ 'ಬೇಡ, ನನ್ನನ್ನು ಹೋಗಲು ಬಿಡು' ಎಂದು ಬೇಡಿಕೊಂಡಿದ್ದ. ಹಾಗಾಗಿ ಅವಳು ದುಷ್ಟಳಾಗಲಿಲ್ಲ ಎಂದರೂ ತಪ್ಪು ಮಾಡಿದಳು, ಅದೂ ದೊಡ್ಡ ತಪ್ಪು. ಅವನ ಇಚ್ಛೆಯನ್ನು ಮೀರಿದ ಆ ಕ್ಷಣವೇ ನನಗೆ ನಿಜವಾದ ರೂಪಾಂತರ, ಕೂದಲಿನ ಬಣ್ಣವಲ್ಲ.

'ಅವಳು ಯಾರನ್ನೋ ಕಾಪಾಡುತ್ತಿದ್ದಾಳೆ' ಎಂದು ಬರೆದಿದ್ದವರೇ, ನೀವು ಹೇಳಿದ್ದೇ ಸರಿ. ಈಗ ಸತ್ತುಹೋದ ಹುಕ್‌ನನ್ನು ಹುಡುಕಿಕೊಂಡು ಎಮ್ಮಾ ಮತ್ತು ಅವಳ ಕಡೆಯವರು ಸತ್ತವರ ಲೋಕವಾದ ಅಂಡರ್‌ವರ್ಲ್ಡ್‌ಗೆ ಹೊರಟಿದ್ದಾರೆ, ನಾನೂ ಹಿಂದೆಯೇ.