ಜಂಟಿ ಗೋಡೆಯ ಪಕ್ಕದ ಮನೆಯವರಿಗೆ ಒಪ್ಪಿಗೆ ಪತ್ರ ಕೊಡಬಹುದೇ?

ಅಗ್ರಹಾರದ ನಿವಾಸಿ (ಪ್ರಶ್ನೆ):

ಮೈಸೂರಿನ ಹಳೆಯ ಅಗ್ರಹಾರದ ಬೀದಿಯೊಂದರಲ್ಲಿ ನಮ್ಮ ಮನೆಯಿದೆ. ನಮ್ಮದೂ ಪೂರ್ವಕ್ಕಿರುವ ಪಕ್ಕದ ಮನೆಯದೂ ಒಂದೇ ಕಾಲದಲ್ಲಿ, ಒಂದೇ ನಡುಗೋಡೆಯನ್ನು ನಂಬಿ ಕಟ್ಟಿದವು. ಎರಡೂ ಮನೆಗಳ ಮದ್ರಾಸ್ ತಾರಸಿಯ ತೊಲೆಗಳು ಎರಡು ಕಡೆಯಿಂದ ಬಂದು ಆ ಗೋಡೆಯ ಮೇಲೆ ಕುಳಿತಿವೆ. ಗೋಡೆ ಒಂದೂವರೆ ಅಡಿ ದಪ್ಪ. ಒಳಗೆ ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆ, ಮೇಲೆ ಸುಣ್ಣದ ಗಾರೆಯ ಗಿಲಾವು.

ಪಕ್ಕದ ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಮಗ ಮನೆಯನ್ನು ನವೀಕರಿಸಲು ಹೊರಟಿದ್ದಾರೆ. ಮೊದಲು ಅಡುಗೆಮನೆಯನ್ನು ಮಾತ್ರ ಸರಿಪಡಿಸುವ ಮಾತಿತ್ತು. ಈಗ ಬೀದಿಯ ಕಡೆಯ ಜಗಲಿಯನ್ನು ಉಳಿಸಿಕೊಂಡು, ಒಳಗಿನದೆಲ್ಲವನ್ನೂ ಕೆಡವಿ, ಪಿಲ್ಲರ್ ಹಾಕಿ ಎರಡು ಅಂತಸ್ತು ಏರಿಸುವ ಯೋಜನೆಯಾಗಿದೆ. ಕಳೆದ ವಾರ ಅವರು ಛಾಪಾ ಕಾಗದದಲ್ಲಿ ಟೈಪು ಮಾಡಿಸಿದ ಒಪ್ಪಿಗೆ ಪತ್ರವನ್ನು ತಂದುಕೊಟ್ಟು ಹೋದರು. ಅದರಲ್ಲಿರುವುದು ಒಂದೇ ವಾಕ್ಯ: "ಸದರಿ ಕಟ್ಟಡದ ಹಾಗೂ ಜಂಟಿ ಗೋಡೆಯ ವಿಷಯದಲ್ಲಿ ಈಗಾಗಲಿ ಮುಂದಾಗಲಿ ನಮ್ಮದಾಗಲಿ ನಮ್ಮ ವಾರಸುದಾರರದಾಗಲಿ ಯಾವುದೇ ತಂಟೆ ತಕರಾರು ಇರುವುದಿಲ್ಲ."

ನನ್ನ ತಾಯಿಗೆ 78 ವರ್ಷ. ಅವರು ಮಲಗುವ ಕೋಣೆ ಆ ಗೋಡೆಗೇ ಅಂಟಿಕೊಂಡಿದೆ. ಆದರೂ, "ಅವರ ಮನೆ ಬಾವಿಯ ನೀರು ಕುಡಿದು ಬೆಳೆದವನು ನೀನು, ರುಜು ಹಾಕಿಕೊಡು" ಎನ್ನುತ್ತಿದ್ದಾರೆ. ಬೆಂಗಳೂರಿನಲ್ಲಿರುವ ತಮ್ಮನೋ, ಯಾವ ಕಾಗದಕ್ಕೂ ಕೈ ಹಚ್ಚಬೇಡ ಎಂದು ದಿನಕ್ಕೆರಡು ಸಲ ಫೋನ್ ಮಾಡುತ್ತಾನೆ. ನಮ್ಮ ನಡುಮನೆಗೆ ಬೆಳಕು ಬರುವುದು ಅವರ ತಾರಸಿಯ ಮೇಲಕ್ಕೆ ತೆರೆದಿರುವ ಒಂದು ಬೆಳಕಿಂಡಿಯಿಂದ ಮಾತ್ರ ಎಂಬುದನ್ನೂ ಹೇಳಬೇಕು. ಸಂಬಂಧ ಕೆಡಬಾರದು, ಮನೆಯೂ ಉಳಿಯಬೇಕು. ಏನು ಮಾಡುವುದು ಸರಿ?

ನಿವೃತ್ತ ಎಂಜಿನಿಯರ್:

ರುಜು ಹಾಕುವ ಮಾತನ್ನು ಒಂದು ವಾರ ಬದಿಗಿಟ್ಟು ಮೊದಲು ಗೋಡೆಯನ್ನು ನೋಡಿಸಿ. ನೀವು ವರ್ಣಿಸಿದಂಥ ಗೋಡೆಗೆ ಎರಡು ಕಡೆಯ ತಾರಸಿಯ ಭಾರ ಬೀಳುತ್ತಿರುವುದರಿಂದ ಅದು ನೆಟ್ಟಗೆ ನಿಂತಿದೆ. ಒಂದು ಕಡೆಯ ತೊಲೆಗಳನ್ನು ಕಿತ್ತ ದಿನ ಅದರ ಮೇಲಿನ ಭಾರ ನಿಮ್ಮ ಬದಿಗಷ್ಟೇ ಉಳಿಯುತ್ತದೆ, ಆ ಬದಿಯಿಂದ ಸಿಗುತ್ತಿದ್ದ ಒತ್ತಾಸೆಯೂ ಹೋಗುತ್ತದೆ. ಮದ್ರಾಸ್ ತಾರಸಿ ಹಗುರವಾದದ್ದಲ್ಲ. ಜಂತೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿಯ ಸುಣ್ಣದ ಕಾಂಕ್ರೀಟ್ ಹಾಕಿ ದಮ್ಮಸು ಮಾಡಿರುತ್ತಾರೆ. ತೊಲೆಯ ತುದಿ ಗೋಡೆಯೊಳಗೆ ಎಷ್ಟು ಇಂಚು ಹೋಗಿದೆ, ಗೆದ್ದಲು ಹಿಡಿದಿದೆಯೇ ಎಂಬುದು ಗಿಲಾವು ಕೆರೆದು ನೋಡದೆ ಗೊತ್ತಾಗುವುದಿಲ್ಲ. ಕೆಲವು ಮನೆಗಳಲ್ಲಿ ಒಂದೇ ಉದ್ದನೆಯ ತೊಲೆ ಗೋಡೆಯನ್ನು ದಾಟಿ ಎರಡೂ ಮನೆಗೆ ಚಾಚಿಕೊಂಡಿರುವುದನ್ನು ನಾನೇ ಕಂಡಿದ್ದೇನೆ. ಅಂಥದ್ದನ್ನು ಆ ಕಡೆಯಿಂದ ಬ್ರೇಕರ್ ಹಿಡಿದು ಬಡಿದರೆ ಈ ಕಡೆಯ ಸೂರು ಅಲುಗುತ್ತದೆ.

ಎರಡನೆಯ ಅಪಾಯ ಪಾಯದ್ದು. ಹಳೆಯ ಮನೆಯ ಪಾಯ ಸಾಮಾನ್ಯವಾಗಿ ಮೂರು ನಾಲ್ಕು ಅಡಿಗಿಂತ ಆಳವಿರುವುದಿಲ್ಲ. ಪಿಲ್ಲರಿನ ಗುಂಡಿ ಐದು ಆರು ಅಡಿಗೆ ಇಳಿಯುತ್ತದೆ. ಗೋಡೆಯ ಬುಡದಲ್ಲೇ ಜೆಸಿಬಿಯಿಂದ ಉದ್ದಕ್ಕೂ ಒಂದೇ ಸಲ ಅಗೆದರೆ ಗೋಡೆಯ ಕೆಳಗಿನ ಮಣ್ಣು ಗುಂಡಿಯ ಕಡೆಗೆ ಜಾರುತ್ತದೆ. ಒಂದೊಂದೇ ಗುಂಡಿಯನ್ನು ಕೈಯಿಂದ ತೋಡಿ, ಕಾಂಕ್ರೀಟ್ ತುಂಬಿ, ಆಮೇಲೆ ಮುಂದಿನದಕ್ಕೆ ಹೋಗಬೇಕು. ಪಿಲ್ಲರುಗಳನ್ನು ಗೋಡೆಯಿಂದ ಒಳಕ್ಕೆ ಸರಿಸಿ, ಅಲ್ಲಿಂದ ತೊಲೆಯನ್ನು ಹೊರಚಾಚುವ ವಿನ್ಯಾಸವೂ ಸಾಧ್ಯ. ಖರ್ಚು ಸ್ವಲ್ಪ ಹೆಚ್ಚು.

ಮೂರನೆಯದು ಮಳೆ. ಇಷ್ಟು ದಿನ ಮನೆಯೊಳಗಿದ್ದ ಗೋಡೆಯ ಮುಖ ಕೆಡವಿದ ಮರುದಿನದಿಂದ ಬಯಲಿಗೆ ಬೀಳುತ್ತದೆ, ಮಣ್ಣಿನ ಗಾರೆ ನೀರು ಕುಡಿದರೆ ಉಳಿಯುವುದಿಲ್ಲ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತದ್ದು 2012ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ ದುರಸ್ತಿ ನಡೆಯುತ್ತಿದ್ದಾಗಲೇ ಬಿದ್ದದ್ದು 2016ರ ಆಗಸ್ಟ್‌ನಲ್ಲಿ. ಕೆಡವುವ ಕೆಲಸ ಸಂಕ್ರಾಂತಿಯ ನಂತರ ಶುರುವಾಗಿ ಯುಗಾದಿಯ ಹೊತ್ತಿಗೆ ಆ ಗೋಡೆಗೆ ಹೊರಗಿನಿಂದ ಗಿಲಾವು ಬಿದ್ದಿರಬೇಕು ಎಂಬುದು ನನ್ನ ಮೊದಲ ಷರತ್ತಾಗಿರುತ್ತಿತ್ತು.

ಸಿವಿಲ್ ವಕೀಲ:

ಅವರು ತಂದಿರುವ ವಾಕ್ಯಕ್ಕೆ ದಯವಿಟ್ಟು ರುಜು ಹಾಕಬೇಡಿ. ಒಪ್ಪಿಗೆಯನ್ನೇ ಕೊಡಬೇಡಿ ಎಂದು ಹೇಳುತ್ತಿಲ್ಲ. ಆ ವಾಕ್ಯ ಕೇಳುತ್ತಿರುವುದು ಒಪ್ಪಿಗೆಗಿಂತ ಬಹಳ ದೊಡ್ಡದನ್ನು.

1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ 15ನೇ ಕಲಮಿನ ಪ್ರಕಾರ, ಒಂದು ಕಟ್ಟಡಕ್ಕೆ ಬರುವ ಗಾಳಿ ಬೆಳಕನ್ನಾಗಲಿ ಪಕ್ಕದವರ ಜಾಗದಿಂದ ಸಿಗುವ ಆಧಾರವನ್ನಾಗಲಿ ಹಕ್ಕೆಂದು ನಂಬಿ 20 ವರ್ಷ ಅಡೆತಡೆಯಿಲ್ಲದೆ ಅನುಭವಿಸಿದ್ದರೆ ಆ ಹಕ್ಕು ಪೂರ್ಣವಾಗುತ್ತದೆ. ನಿಮ್ಮ ಬೆಳಕಿಂಡಿಗೂ ಗೋಡೆಗೂ ಇದು ಅನ್ವಯಿಸುವ ಸಂಭವ ಹೆಚ್ಚು. ಆದರೆ ಅದೇ ಕಾಯ್ದೆಯ 38ನೇ ಕಲಮನ್ನೂ ಓದಬೇಕು: ಹಕ್ಕುಳ್ಳವನೇ ಪಕ್ಕದವನಿಗೆ ಶಾಶ್ವತ ಸ್ವರೂಪದ ಕೆಲಸಕ್ಕೆ ಸ್ಪಷ್ಟ ಅನುಮತಿ ಕೊಟ್ಟು, ಆ ಕೆಲಸದಿಂದ ಹಕ್ಕಿನ ಅನುಭೋಗ ನಿಂತುಹೋದರೆ, ಹಕ್ಕನ್ನು ಬಿಟ್ಟುಕೊಟ್ಟಂತೆಯೇ ಲೆಕ್ಕ. ಸೂರಿನ ನೀರನ್ನು ಪಕ್ಕದ ಅಂಗಳಕ್ಕೆ ಬಿಡುವ ಹಕ್ಕಿದ್ದವನು ಆ ಅಂಗಳದಲ್ಲಿ ಎತ್ತರಕ್ಕೆ ಕಟ್ಟಲು ತಾನೇ ಒಪ್ಪಿಕೊಂಡ ಉದಾಹರಣೆಯನ್ನು ಕಾಯ್ದೆಯೇ ಕೊಡುತ್ತದೆ. ನಿಮ್ಮ ಬೆಳಕಿಂಡಿಯ ಕತೆಯೂ ಅದೇ.

ಆದ್ದರಿಂದ ಪತ್ರದಲ್ಲಿ ಯಾವ ನಕ್ಷೆಗೆ ಒಪ್ಪಿದ್ದೀರೋ ಅದನ್ನು ಇಬ್ಬರೂ ರುಜು ಹಾಕಿ ಲಗತ್ತಿಸಿ. ಹೊಸ ಕಟ್ಟಡದ ಯಾವ ಭಾರವನ್ನೂ ಜಂಟಿ ಗೋಡೆಯ ಮೇಲೆ ಹೊರಿಸುವುದಿಲ್ಲ, ಹಾನಿಯಾದರೆ ದುರಸ್ತಿ ಅವರ ಖರ್ಚಿನಲ್ಲಿ, ಬೆಳಕಿಂಡಿಯ ಮುಂದೆ ಇಷ್ಟು ಅಡಿ ತೆರೆದ ಜಾಗ ಎಂದು ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳಿ. "ಮುಂದಾಗಲಿ", "ವಾರಸುದಾರರದಾಗಲಿ" ಎಂಬ ಪದಗಳನ್ನು ಹೊಡೆದುಹಾಕಿಸಿ. ಗೋಡೆಯಲ್ಲಿ ನಿಮಗಿರುವ ಪಾಲನ್ನೇ ಬಿಟ್ಟುಕೊಡುವ ಮಾತು ಬಂದರೆ ಅದು ನೋಂದಣಿಯಾಗಬೇಕಾದ ದಸ್ತಾವೇಜು, ಟೈಪು ಮಾಡಿದ ಕಾಗದದ ಕೆಲಸವಲ್ಲ. ಎಲ್ಲಕ್ಕಿಂತ ಮೊದಲು ನಿಮ್ಮ ಕ್ರಯಪತ್ರದಲ್ಲಿ ಅಥವಾ ವಿಭಾಗ ಪತ್ರದಲ್ಲಿ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಹೇಗೆ ಬರೆದಿದೆ ಎಂದು ನೋಡಿ. ಗೋಡೆ ಜಂಟಿ ಎಂದು ನೀವು ಹೇಳುವುದು ಬೇರೆ, ಪತ್ರ ಹೇಳುವುದು ಬೇರೆ.

ಧಾರವಾಡದವರು:

ನಮ್ಮ ಕಡೆ ಇದನ್ನು ಸಾಮಾಯಿಕ ಗೋಡೆ ಎನ್ನುತ್ತೇವೆ. ತಮ್ಮನ ಮಾತು ಕೇಳಿ ಸುಮ್ಮನಿದ್ದುಬಿಡಬೇಡಿ ಎಂದು ಹೇಳಲಿಕ್ಕೆ ಬರೆಯುತ್ತಿದ್ದೇನೆ, ಏಕೆಂದರೆ ನಾನು ಸುಮ್ಮನಿದ್ದೆ. ನಾನು ರುಜು ಕೊಡದಿದ್ದಾಗ ಪಕ್ಕದವರು ಗೋಡೆಯನ್ನು ಮುಟ್ಟಲೇ ಇಲ್ಲ. ತಮ್ಮ ತೊಲೆಗಳನ್ನು ಗೋಡೆಯ ಮುಖಕ್ಕೆ ಸರಿಯಾಗಿ ಕೊಯ್ದುಕೊಂಡು, ನಾಲ್ಕು ಇಂಚು ಸಂದು ಬಿಟ್ಟು, ತಮ್ಮ ಜಾಗದಲ್ಲಿ ಬೇರೆ ಗೋಡೆ ಎಬ್ಬಿಸಿದರು. ನಕ್ಷೆ ಮಂಜೂರಾಗಿತ್ತು, ನನ್ನನ್ನು ಕೇಳುವ ಪ್ರಸಂಗವೇ ಬರಲಿಲ್ಲ. ಆ ಸಂದಿಗೆ ಗಿಲಾವು ಮಾಡಲು ಮನುಷ್ಯನ ಕೈ ಹೋಗುವುದಿಲ್ಲ, ಮೇಲೆ ತಗಡು ಹೊದಿಸಬೇಕೆಂದು ಅವರಿಗೆ ಹೇಳುವ ಮುಖವೂ ನನಗಿರಲಿಲ್ಲ. ಮೂರು ಮಳೆಗಾಲ ದೇವರ ಕೋಣೆಯ ಗೋಡೆ ಒದ್ದೆಯಾಗಿ ಸುಣ್ಣ ಉದುರಿತು. ಕಡೆಗೆ ತಗಡನ್ನು ನಾನೇ ಹೊದಿಸಿದೆ, ಅವರ ತಾರಸಿಯ ಮೇಲೆ ನಿಂತು, ಅವರ ಅಪ್ಪಣೆ ಪಡೆದು. ಅವರಿಗೆ ನಿಮ್ಮ ರುಜು ಬೇಕಾಗಿರುವ ಈ ಕೆಲವು ವಾರಗಳಲ್ಲಷ್ಟೇ ನಿಮ್ಮ ಮಾತಿಗೆ ಬೆಲೆ ಇರುತ್ತದೆ.

ಅಗ್ರಹಾರದ ನಿವಾಸಿ:

ಮೂವರಿಗೂ ಕೃತಜ್ಞತೆಗಳು. ವಿಭಾಗ ಪತ್ರ ತೆಗೆದು ನೋಡಿದೆ. ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ "ಉಭಯತ್ರರಿಗೂ ಸೇರಿದ ಗೋಡೆ" ಎಂದಿದೆ. ಆಮೇಲೆ ಪಕ್ಕದ ಮನೆಯವರನ್ನೇ ಕರೆದು, ಅವರ ಎದುರಿಗೇ ಮೇಸ್ತ್ರಿಯಿಂದ ತಾಯಿಯ ಕೋಣೆಯಲ್ಲಿ ಒಂದು ತೊಲೆಯ ತುದಿಯನ್ನು ಬಿಡಿಸಿ ನೋಡಿಸಿದೆ. ತೊಲೆ ಗೋಡೆಯೊಳಗೆ ಒಂಬತ್ತು ಇಂಚು ಹೋಗಿದೆ, ಆ ಕಡೆಯ ತೊಲೆ ಬೇರೆಯೇ ಇದೆ. ಆದರೆ ನಮ್ಮ ತೊಲೆಯ ತುದಿಗೆ ಮೇಸ್ತ್ರಿ ಉಳಿಯನ್ನು ಒತ್ತಿದಾಗ ಅದು ಎರಡು ಇಂಚು ಸಲೀಸಾಗಿ ಇಳಿಯಿತು; ಪುಡಿಯಾದ ಮರ ಅವರ ಅಂಗೈಗೆ ಉದುರಿತು. ಪಕ್ಕದವರು ಅದನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ, ಪತ್ರವನ್ನು ಹಿಂದಕ್ಕೆ ಒಯ್ಯುತ್ತೇನೆ, ತಮ್ಮ ಎಂಜಿನಿಯರನ್ನು ಭಾನುವಾರ ಕರೆತರುತ್ತೇನೆ ಎಂದರು. ಕೆಡವುವ ಎರಡು ತಿಂಗಳು ತಾಯಿಯವರನ್ನು ತಮ್ಮನ ಮನೆಗೆ ಕಳುಹಿಸಬೇಕು ಎಂದು ನಾನು ಹೇಳಿದೆ. ತಾಯಿ ಇನ್ನೂ ಒಪ್ಪಿಲ್ಲ. ಒಂದು ಪ್ರಶ್ನೆ ಉಳಿದಿದೆ: ಲಡ್ಡು ಹಿಡಿದ ನಮ್ಮ ತೊಲೆಯ ಖರ್ಚನ್ನು ಅವರಿಂದ ಕೇಳುವುದು ನ್ಯಾಯವೇ?

ನಿವೃತ್ತ ಎಂಜಿನಿಯರ್:

ನ್ಯಾಯವಲ್ಲ. ಅದು ಅವರ ಕೆಲಸದಿಂದ ಕೆಟ್ಟದ್ದಲ್ಲ, ನಿಮ್ಮದೇ ಬಾಕಿ. ಅವರು ಕೆಡವುವ ಮುಂಚೆ ನಿಮ್ಮ ಕಡೆ ಪ್ರತಿ ತೊಲೆಗೂ ಸರ್ವೆ ಮರದ ಆಸರೆ ಕೊಟ್ಟು, ಗೋಡೆಯ ಪಕ್ಕದಲ್ಲಿ ಕಬ್ಬಿಣದ ಅಡ್ಡತೊಲೆಯನ್ನು ಎರಡು ಕಂಬಗಳ ಮೇಲೆ ಕೂರಿಸಿಕೊಳ್ಳಿ. ಆಗ ನಿಮ್ಮ ತಾರಸಿ ಆ ಗೋಡೆಯ ಹಂಗಿನಲ್ಲಿರುವುದಿಲ್ಲ. ಆಸರೆಯ ಖರ್ಚನ್ನು ಮಾತ್ರ ಅವರಿಂದ ಕೇಳಿ, ಅದು ಸಲ್ಲುತ್ತದೆ. ಭಾನುವಾರಕ್ಕೆ ಮೊದಲು ಈಗಿರುವ ಬಿರುಕುಗಳ ಫೋಟೋ ತೆಗೆದು, ಪ್ರತಿ ಬಿರುಕಿಗೂ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಲ್ಲಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದಿಡಿ. ಗಾಜು ಒಡೆದರೆ ಗೋಡೆ ಸರಿದಿದೆ ಎಂದು ಅವರ ಎಂಜಿನಿಯರಿಗೂ ಹೇಳಿಕೊಡಬೇಕಾಗುವುದಿಲ್ಲ.