ಡ್ಯಾಶ್‌ಕ್ಯಾಮ್: ವೈರ್ ಕಾಣದ ಹಾಗೆ ಫ್ಯೂಸ್ ಬಾಕ್ಸ್‌ನಿಂದ ಕರೆಂಟ್ ತಗೊಳ್ಳೋದು ಹೇಗೆ?

ಬಿಸಿಲೂರು_ಸವಾರ:
ಪೆಟ್ರೋಲ್ ಹ್ಯಾಚ್‌ಬ್ಯಾಕ್, 6 ಏರ್‌ಬ್ಯಾಗ್, ಊರು ಕಲಬುರಗಿ. ಗಾಡಿ ಹಗಲೆಲ್ಲಾ ಬಿಸಿಲಲ್ಲೇ ನಿಲ್ಲುತ್ತೆ. ಮುಂದೆ, ಹಿಂದೆ ಎರಡೂ ಕಡೆ ಡ್ಯಾಶ್‌ಕ್ಯಾಮ್ (ರಸ್ತೆ ರೆಕಾರ್ಡ್ ಮಾಡೋ ಕ್ಯಾಮೆರಾ) ಬೇಕು. ಸಿಗರೇಟ್ ಸಾಕೆಟ್‌ನಿಂದ ವೈರ್ ಜೋತಾಡೋದು ಬೇಡ. ಫ್ಯೂಸ್ ಬಾಕ್ಸ್ ಸ್ಟೇರಿಂಗ್ ಕೆಳಗಿದೆ. ವಾರಂಟಿ ಇರೋದರಿಂದ ಗಾಡಿಯ ವೈರ್ ಕತ್ತರಿಸೋ ಹಾಗಿಲ್ಲ. ಏನು ನೋಡಿ ತಗೊಳ್ಳಲಿ, ಹೇಗೆ ಕೂರಿಸಲಿ?

ಫ್ಯೂಸಪ್ಪ:
ರೆಸೊಲ್ಯೂಷನ್ ಆಮೇಲೆ ನೋಡಿ. ಮೊದಲು ಒಳಗಿರೋದು ಬ್ಯಾಟರಿಯೋ ಕೆಪಾಸಿಟರೋ ಕೇಳಿ. ಗಾಜಿನ ಹಿಂದೆ ದಿನಾ ಕಾದರೆ ಲಿಥಿಯಂ ಬ್ಯಾಟರಿ ಊದಿಕೊಂಡು ಕ್ಯಾಮೆರಾ ಮೈಯೇ ಬಾಯಿ ಬಿಡುತ್ತೆ. ಸೂಪರ್ ಕೆಪಾಸಿಟರ್ ಇರೋದೇ ತಗೊಳ್ಳಿ. ಕೀ ತೆಗೆದ ಮೇಲೆ ಕೊನೆಯ ಫೈಲ್ ಸೇವ್ ಆಗುವಷ್ಟು ಹೊತ್ತು ಅದು ಕರೆಂಟ್ ಕೊಡುತ್ತೆ, ಅಷ್ಟು ಸಾಕು.

ಡಬ್ಬಿ ಮೇಲೆ 4ಕೆ ಅಂತ ದಪ್ಪಕ್ಷರದಲ್ಲಿದ್ದರೂ ಸೆನ್ಸರ್ ಕಳಪೆಯಾದರೆ ರಾತ್ರಿ ನಂಬರ್ ಪ್ಲೇಟ್ ಬರೀ ಬಿಳಿ ಮಚ್ಚೆ. ಒಳ್ಳೆ ಸೆನ್ಸರ್ ಇರೋ 2560×1440 ಕ್ಯಾಮೆರಾ ನನ್ನ ಆಯ್ಕೆ.

ಮೆಮೊರಿ ಕಾರ್ಡ್ 'ಹೈ ಎಂಡ್ಯೂರೆನ್ಸ್' (ಸತತ ರೆಕಾರ್ಡಿಂಗ್ ತಡೆಯೋದು) ಇರಲಿ, ಮೊಬೈಲ್‌ನ ಹಳೇ ಕಾರ್ಡ್ ಹಾಕಬೇಡಿ. ಒಂದೊಂದು ಕ್ಯಾಮೆರಾ ಸೆಕೆಂಡಿಗೆ 15 ಮೆಗಾಬಿಟ್ ಬರೆದರೆ ಎರಡೂ ಸೇರಿ ಗಂಟೆಗೆ 13.5 ಜಿಬಿ. 128 ಜಿಬಿ ಕಾರ್ಡ್‌ಗೆ ಒಂಬತ್ತು ಗಂಟೆಯ ರೆಕಾರ್ಡಿಂಗ್, ಆಮೇಲೆ ಹಳೇದರ ಮೇಲೇ ಬರೀತಾ ಹೋಗುತ್ತೆ.

ಟ್ರಿಮ್_ಕ್ಲಿಪ್:
ಕೂರಿಸೋ ವಿಷಯ. ಜಾಗ: ಒಳಗಿನ ಕನ್ನಡಿಯ ಹಿಂದೆ, ಎಡಕ್ಕೆ, ವೈಪರ್ ಒರೆಸೋ ಭಾಗದೊಳಗೆ. ಗಾಜಿನ ಮೇಲಂಚಿನ ಕಪ್ಪು ಚುಕ್ಕೆಗಳ ಮೇಲೆ ಟೇಪ್ ಸರಿಯಾಗಿ ಹಿಡಿಯಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಿದ ಮೇಲೆ ಮೌಂಟ್ ಮಾತ್ರ ಅಂಟಿಸಿ, ಅರ್ಧ ನಿಮಿಷ ಒತ್ತಿ ಹಿಡೀರಿ. ಕ್ಯಾಮೆರಾ ಮಾರನೇ ದಿನ ಹಾಕಿ. ಒಳ್ಳೆ ಫೋಮ್ ಟೇಪ್ ಪೂರ್ತಿ ಬಿಗಿಯಾಗೋಕೆ 72 ಗಂಟೆ ಬೇಕು.

ವೈರನ್ನು ರೂಫ್ ಲೈನಿಂಗ್ ಅಂಚಿನೊಳಗೆ ಪ್ಲಾಸ್ಟಿಕ್ ಪಟ್ಟಿಯಿಂದ ತುರುಕಿ, ಸ್ಕ್ರೂಡ್ರೈವರ್ ಬಳಸಿದರೆ ಬಟ್ಟೆ ಹರಿಯುತ್ತೆ. ಹುಷಾರಾಗಿರಬೇಕಾದ್ದು ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಹತ್ತಿರ. 6 ಏರ್‌ಬ್ಯಾಗ್ ಅಂದರೆ ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗೆ ಪರದೆ ಹಾಗೆ ಇಳಿಯೋದು) ಆ ಕಂಬದ ಕವರ್ ಹಿಂದೆ, ರೂಫ್ ಅಂಚಿನುದ್ದಕ್ಕೂ ಮಡಚಿ ಕೂತಿರುತ್ತೆ. ವೈರ್ ಅದರ ಮುಂದೆ ಹಾದರೆ ಬ್ಯಾಗ್ ಬಿಚ್ಚಿಕೊಳ್ಳುವಾಗ ಅಡ್ಡ ಬರುತ್ತೆ, ಇಲ್ಲಾ ವೈರೇ ಮುಖಕ್ಕೆ ಹಾರುತ್ತೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಕವರ್ ತೆಗೆದು, ವೈರನ್ನು ಏರ್‌ಬ್ಯಾಗ್‌ನ ಹಿಂದೆ ಹಾಯಿಸಿ, ಕಂಪನಿ ವೈರಿಂಗ್ ಜೊತೆ ಟೈ ಹಾಕಿ. ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗ್‌ದು. ಬ್ರೇಕ್ ಪೆಡಲ್ ಹತ್ತಿರ ಒಂದು ಇಂಚು ವೈರ್ ಕೂಡ ಸಡಿಲ ಬಿಡಬೇಡಿ.

ಹಿಂದಿನ ವೈರ್ ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆಯೊಳಗಿಂದಲೇ ಹೋಗಲಿ. ಹೊರಗಿಂದ ಬಿಟ್ಟರೆ ಬಾಗಿಲು ಹಾಕಿದಾಗಲೆಲ್ಲಾ ಜಜ್ಜಿ ಒಂದಿನ ತುಂಡಾಗುತ್ತೆ. ಹಿಂದಿನ ಗಾಜಿನ ಡಿಫಾಗರ್ (ಮಂಜು ಆರಿಸೋ) ಗೆರೆ ಮೇಲೆ ಕ್ಯಾಮೆರಾ ಅಂಟಿಸಬೇಡಿ, ಕೀಳುವಾಗ ಗೆರೆಯೂ ಎದ್ದು ಬರುತ್ತೆ.

ಫ್ಯೂಸಪ್ಪ:
ಕರೆಂಟ್‌ಗೆ ಹಾರ್ಡ್‌ವೈರ್ ಕಿಟ್ (ಫ್ಯೂಸ್ ಬಾಕ್ಸ್‌ನಿಂದ ಕ್ಯಾಮೆರಾಗೆ ಕರೆಂಟ್ ಕೊಡೋ ವೈರ್), ಜೊತೆಗೆ ಎರಡು ಫ್ಯೂಸ್ ಟ್ಯಾಪ್ (ಗಾಡಿಯ ವೈರ್ ಕತ್ತರಿಸದೆ ಫ್ಯೂಸ್ ಸ್ಲಾಟ್‌ನಿಂದ ಹೊಸ ಲೈನ್ ತೆಗೆಯೋ, ಎರಡು ಫ್ಯೂಸ್ ಗೂಡಿನ ತುಂಡು). ಕಿಟ್‌ನಲ್ಲಿ ಸಾಮಾನ್ಯವಾಗಿ ಹಳದಿ ಸದಾ ಕರೆಂಟ್ ಇರೋ ಲೈನ್‌ಗೆ, ಕೆಂಪು ಕೀ ತಿರುಗಿಸಿದಾಗ ಬರೋ ಲೈನ್‌ಗೆ, ಕಪ್ಪು ಗಾಡಿಯ ಲೋಹದ ಮೈಗೆ. ಲೇಬಲ್ ಓದಿಯೇ ಹಾಕಿ. ಕೆಂಪಿಗೆ ಸಾಕೆಟ್ ಫ್ಯೂಸ್, ಹಳದಿಗೆ ಒಳಗಿನ ಲೈಟ್ ಫ್ಯೂಸ್ ಸಾಕು. ಏರ್‌ಬ್ಯಾಗ್, ಎಬಿಎಸ್ (ಬ್ರೇಕ್), ಇಸಿಯು (ಎಂಜಿನ್ ಕಂಪ್ಯೂಟರ್) ಫ್ಯೂಸ್‌ಗಳ ತಂಟೆಗೆ ಹೋಗಬೇಡಿ. ಕಪ್ಪು ವೈರನ್ನು ಬಣ್ಣವಿಲ್ಲದ ಲೋಹಕ್ಕೆ ಕೂತಿರೋ ಬೋಲ್ಟ್‌ಗೇ ಬಿಗೀರಿ. ಕ್ಯಾಮೆರಾ ಆಗಾಗ ಆಫ್ ಆಗಿ ಆನ್ ಆಗ್ತಿದ್ದರೆ ಮೊದಲು ನೋಡಬೇಕಾದ್ದು ಅದನ್ನೇ.

ಬಿಸಿಲೂರು_ಸವಾರ:
ಟ್ಯಾಪ್ ಹೇಗೆ ತಿರುಗಿಸಿ ಹಾಕಿದರೂ ಕ್ಯಾಮೆರಾ ಆನ್ ಆಗುತ್ತಲ್ಲ ಸರ್, ಯಾವ ಕಡೆ ಸರಿ?

ಫ್ಯೂಸಪ್ಪ:
ಆನ್ ಏನೋ ಆಗುತ್ತೆ. ಉಲ್ಟಾ ಹಾಕಿದರೆ ಕ್ಯಾಮೆರಾದ ಕರೆಂಟೂ ಹಳೇ ಫ್ಯೂಸ್ ಮೂಲಕವೇ ಹರಿಯುತ್ತೆ, ಅದರ ಮೇಲೆ ಭಾರ ಬೀಳುತ್ತೆ. ಹಳೇ ಫ್ಯೂಸ್ ಕಿತ್ತು, ಕೀ ಆನ್ ಮಾಡಿ, ಮಲ್ಟಿಮೀಟರ್ 20 ವೋಲ್ಟ್ ಡಿಸಿಗಿಟ್ಟು ಸ್ಲಾಟ್‌ನ ಎರಡೂ ಬದಿ ನೋಡಿ. 12 ವೋಲ್ಟ್ ತೋರಿಸೋದು ಸಪ್ಲೈ ಬದಿ. ಆಮೇಲೆ ಖಾಲಿ ಟ್ಯಾಪ್‌ನ ಕಾಲುಗಳನ್ನು ಬೀಪ್ ಮೋಡ್‌ನಲ್ಲಿ ಪರೀಕ್ಷಿಸಿ: ಎರಡೂ ಫ್ಯೂಸ್ ಗೂಡಿಗೆ ಬೀಪ್ ಕೊಡೋ ಕಾಲು ಸಪ್ಲೈ ಬದಿಗೆ. ಮೇಲಿನ ಗೂಡಿಗೆ 3 ಆಂಪಿಯರ್ ಸಾಕು, ಹಳೇದಕ್ಕೆ ಹಳೇ ರೇಟಿಂಗೇ.

ಮೆಲ್ಲಗೆ_ಹೋಗಿ:
ಪಾರ್ಕಿಂಗ್ ಮೋಡ್ (ಗಾಡಿ ನಿಲ್ಲಿಸಿದ ಮೇಲೂ ಹಳದಿ ವೈರ್‌ನ ಕರೆಂಟ್‌ನಿಂದ ಕ್ಯಾಮೆರಾ ಕೆಲಸ ಮಾಡೋದು) ಬಗ್ಗೆ ಒಂದು ಮಾತು. 0.25 ಆಂಪಿಯರ್ ಎಳೆಯೋ ಕ್ಯಾಮೆರಾ ದಿನಕ್ಕೆ 6 ಆಂಪಿಯರ್-ಅವರ್ ತಿನ್ನುತ್ತೆ. 35 ಆಂಪಿಯರ್-ಅವರ್‌ನ ಗಾಡಿ ಬ್ಯಾಟರಿ ಮೂರು ದಿನಕ್ಕೆ ಅರ್ಧ ಖಾಲಿ. ಕಿಟ್‌ನ ಕಟ್‌ಆಫ್ (ಬ್ಯಾಟರಿ ಇಷ್ಟಕ್ಕಿಳಿದರೆ ಕ್ಯಾಮೆರಾ ಬಂದ್ ಮಾಡೋ ಮಿತಿ) 11.8 ವೋಲ್ಟ್‌ಗೆ ಇದ್ದರೆ 12.2ಕ್ಕೆ ಏರಿಸಿ. ಬಿಸಿಲಲ್ಲಿ ನಿಲ್ಲೋ ಗಾಡಿಗೆ ಹಗಲು ಪಾರ್ಕಿಂಗ್ ಮೋಡ್ ಆಫ್ ಇಡೋದೇ ವಾಸಿ, ಗಾಡಿಯೊಳಗಿನ ಕಾವಿನ ಜೊತೆಗೆ ಕ್ಯಾಮೆರಾದ ಕಾವೂ ಸೇರಿ ತಾನೇ ಬಂದ್ ಆಗುತ್ತೆ. ಪಾರ್ಕಿಂಗ್ ಮೋಡೇ ಬೇಡ ಅಂದರೆ ಹಳದಿ ವೈರ್‌ನ ಉಸಾಬರಿಯೇ ಬೇಡ, ಎರಡು ವೈರ್ ಕಿಟ್ ತಗೊಳ್ಳಿ.