ಸಹಾಯ ಬೇಕು: ವಿಕ್ಟೋರಿಯಾ ಜಲಪಾತದ ಆಚೆ ಬದಿಗೆ ಹೋಗಿ ವಾಪಸ್ ಬರಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಜಾಂಬಿಯಾದ ಲಿವಿಂಗ್‌ಸ್ಟನ್‌ನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಸ್ವಯಂಸೇವೆಗೆ ಬಂದಿದ್ದೇನೆ. ನವೆಂಬರ್ ಕೊನೆಗೆ ಊರಿಗೆ ಹೊರಡಬೇಕು.

ಮೊನ್ನೆ ಭಾನುವಾರ ಜಲಪಾತಕ್ಕೆ ಹೋಗಿದ್ದೆ. 1,708 ಮೀಟರ್ ಅಗಲವಂತೆ, ಆದರೆ ಈಗ ಜಾಂಬಿಯಾ ಕಡೆ ಹೆಚ್ಚಾಗಿ ಬರೀ ಕಪ್ಪು ಬಂಡೆ. ಬೇಸಿಗೆಯ ಜೋಗ ನೋಡಿದ ಹಾಗಾಯ್ತು. ಈ ತಿಂಗಳುಗಳಲ್ಲಿ ನೀರು ಜಾಸ್ತಿ ಇರೋದು ಜಿಂಬಾಬ್ವೆ ಕಡೆ. ಗಡಿಯಲ್ಲಿ ಪಾಸ್ ತಗೊಂಡು, ಎರಡೂ ದೇಶಗಳನ್ನು ಸೇರಿಸುವ 1905ರ ಸೇತುವೆಯ ಮಧ್ಯದವರೆಗೆ ನಡೆದೆ. ದೂರದಲ್ಲಿ ಹನಿಗಳ ಮೋಡ ಏಳುತ್ತಿತ್ತು. ಇಲ್ಲಿನವರು ಜಲಪಾತವನ್ನು 'ಗುಡುಗುವ ಹೊಗೆ' ಅಂತ ಕರೆಯೋದು ಸುಮ್ನೆ ಅಲ್ಲ. ಅಲ್ಲಿಂದ ಹಿಂದೆ ತಿರುಗಲು ಮನಸ್ಸೇ ಬರಲಿಲ್ಲ.

ತೊಂದರೆ ಏನಂದ್ರೆ, ನನ್ನದು ಒಂದೇ ಸಲ ಒಳಗೆ ಬರುವ ವೀಸಾ. ಗಡಿ ದಾಟಿದರೆ ಅದು ಅಲ್ಲಿಗೇ ಮುಗಿಯುತ್ತಾ ಅನ್ನೋದೇ ಭಯ. ಕರೆಸಿಕೊಂಡ ಸಂಸ್ಥೆಯವರು "ನೀವೇ ವಿಚಾರಿಸಿ" ಅಂದರು. ಎರಡೂ ದೇಶಕ್ಕೆ ನಡೆಯುವ ಕಾಜಾ ಯುನಿವೀಸಾ ಬಗ್ಗೆ ಓದಿದೆ, ಆದರೆ ಅದು ಪ್ರವಾಸಿಗರದ್ದು ಅಲ್ವಾ? ಮಕ್ಕಳ ಪಾಠ ಅರ್ಧಕ್ಕೆ ನಿಲ್ಲೋದು ನನಗೆ ಬೇಡ.

ಸ್ವಯಂಸೇವಕರಾಗಿದ್ದು ಒಂದು ದಿನಕ್ಕೆ ಆಚೆ ಹೋಗಿ ಬಂದವರು ಯಾರಾದರೂ ಇದ್ದೀರಾ? ಹೊರಡುವ ಮುಂಚೆ ಇಮಿಗ್ರೇಷನ್‌ನಲ್ಲಿ ಏನು ಮಾಡಿಸಿಕೊಂಡಿರಿ?